ಅಪ್ಪನ ಗಂಟಲಲ್ಲಿ ನಾನಾಡಿದ ಮಾತು

ನಾನು ಚಿಕ್ಕವನಿದ್ದಾಗ ನನ್ನ ಗಂಟಲೊಳಗೆ ಭದ್ರಾವತಿಯ ಇಡೀ ಓಲ್ಡ್ ಟೌನ್ ಇತ್ತು. ಮೇಷ್ಟರ ಸೀನು, ಸೋಡಾ ಮಾರುವವನ ಕೂಗು, ಅಳುವ ಮುಂಚೆ ಅಕ್ಕ ಮೂಗೆಳೆಯುವ ಸದ್ದು, ಎಲ್ಲವನ್ನೂ ಹಾಗೆಯೇ ಮಾಡಿ ತೋರಿಸುತ್ತಿದ್ದೆ. ನನ್ನ ಸ್ವಂತ ದನಿ ಮಾತ್ರ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಅದನ್ನು ಬಳಸಲು ನನಗೇ ನಾಚಿಕೆ.

ಅಪ್ಪ ಶಿವಮೊಗ್ಗದ ಗ್ಯಾರೇಜಿನ ಕೆಲಸ ಬಿಟ್ಟು ಭದ್ರಾವತಿಯಲ್ಲಿ ಆಟೋ ಸ್ಪೇರ್ಸ್ ಅಂಗಡಿ ತೆರೆದು ಆಗಿನ್ನೂ ವರ್ಷ ತುಂಬಿರಲಿಲ್ಲ. ಒಳಗೆ ಕಾಲಿಟ್ಟರೆ ಹೊಸ ರಬ್ಬರು, ಗ್ರೀಸಿನ ಗಾಢ ವಾಸನೆ. ಮೊಳೆಗಳಲ್ಲಿ ಕಪ್ಪು ಫ್ಯಾನ್ ಬೆಲ್ಟ್‌ಗಳು ಸಾಲಾಗಿ ತೂಗುತ್ತಿದ್ದವು. ಗಿರಾಕಿಗಳಿಗಿಂತ ಬೆಲ್ಟ್‌ಗಳೇ ಹೆಚ್ಚು. ದಸರಾದೊಳಗೆ ವ್ಯಾಪಾರ ಕುದುರದಿದ್ದರೆ ಅಂಗಡಿ ಮುಚ್ಚಿ ಗ್ಯಾರೇಜಿಗೇ ಮರಳುತ್ತೇನೆಂದು ಅಪ್ಪ ಹೇಳಿದ್ದು ನಮಗೂ ಕೇಳಿಸಿತ್ತು. ಯಾರೇ ಬರಲಿ, ಅಪ್ಪ ಎರಡು ಸಲ ಕೆಮ್ಮಿ, "ಹಳೇ ಪೀಸ್ ತಂದಿದೀರಾ?" ಎಂದು ಕೇಳುತ್ತಿದ್ದರು. ಹಳೆಯದರ ಜೊತೆ ಹಿಡಿದು ನೋಡಿಯೇ ಹೊಸದನ್ನು ಕೊಡುವುದು ಅವರ ಪದ್ಧತಿ.

ಒಂದು ಮಧ್ಯಾಹ್ನ ಅಪ್ಪ ಅಂಗಡಿಯ ಹಿಂದಿದ್ದ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದರು. ನಾನು, ಅಕ್ಕ ಕಪಾಟಿನ ಮರೆಯಲ್ಲಿ ಬೋಲ್ಟು ಬೇರ್ಪಡಿಸುತ್ತಿದ್ದೆವು. ಹೊರಗಿನ ಬಿಸಿಲಿನಿಂದ ಒಬ್ಬ ಬಸ್ ಡ್ರೈವರ್ ಬಂದ. ಕತ್ತಲೆಯಲ್ಲಿ ಅವನಿಗೆ ನಾವು ಕಾಣಲಿಲ್ಲ.

"ಸಾವ್ಕಾರ್ರೆ, ಒಂದು ಫ್ಯಾನ್ ಬೆಲ್ಟ್ ಕೊಡಿ."

ಅಕ್ಕನನ್ನು ನಗಿಸುವ ಚಪಲ ತಡೆಯಲಾಗಲಿಲ್ಲ. ಎರಡು ಸಲ ಕೆಮ್ಮಿದೆ. "ಹಳೇ ಪೀಸ್ ತಂದಿದೀರಾ?"

"ಇಲ್ಲ ಕಣ್ರೀ, ದಾರೀಲಿ ಹರಿದು ಎಲ್ಲೋ ಬಿತ್ತು."

"ಹಳೇದಿಲ್ದೆ ಹೊಸದಿಲ್ಲ. ಹುಡುಕ್ಕೊಂಡು ಬನ್ನಿ."

"ಹೊಳಲೂರಿನವರೆಗೂ ರಸ್ತೆ ಗುಡಿಸ್ಲಾ ನಾನು? ನಮ್ಮ ಓನರ್‌ಗೆ ಹೇಳ್ತೀನಿ, ಈ ಅಂಗಡಿ ಸಹವಾಸವೇ ಬೇಡ ಅಂತ." ಅವನು ದಡದಡನೆ ಹೊರಟೇಹೋದ.

ಅಕ್ಕನ ನಗು ನಿಂತಿತು. "ಆ ಓನರ್‌ಗೆ ಮೂರು ಬಸ್ಸಿದೆ ಕಣೋ. ನಮ್ಮಲ್ಲೇ ಸಾಮಾನು ತಗೊಳ್ಳಿ ಅಂತ ಅಪ್ಪ ಎಷ್ಟು ಸಲ ಹೋಗಿ ಕೇಳ್ಕೊಂಡಿದಾರೆ. ಓಡು, ನಾನು ಅಪ್ಪನ್ನ ಕರೀತೀನಿ."

ಬರಿಗಾಲಲ್ಲಿ ಓಡಿದೆ. ಬಸ್ಸಿನ ಮೂತಿಯಿಂದ ಹಬೆ ಏಳುತ್ತಿತ್ತು. ಪ್ರಯಾಣಿಕರು ಬೇವಿನ ನೆರಳಲ್ಲಿ ಗೊಣಗುತ್ತಿದ್ದರು. "ಬೆಲ್ಟ್ ಕೊಡಲ್ಲ ಅಂದಿದ್ದು ಅಪ್ಪ ಅಲ್ಲ, ನಾನು," ಎಂದೆ.

"ಹೋಗೋ ಮಾರಾಯ, ಅಪ್ಪನ್ನ ಉಳಿಸೋಕೆ ಸುಳ್ಳು ಹೇಳ್ಬೇಡ," ಎಂದ ಡ್ರೈವರ್.

ಅಪ್ಪನ ದನಿ ತೆಗೆಯಲು ಹೋದೆ. ಹೆದರಿಕೆಗೆ ಕೋಳಿಮರಿಯ ಕೂಗು ಬಂತು. ಎಲ್ಲರೂ ನಕ್ಕರು. ಉಗುಳು ನುಂಗಿ ಇನ್ನೊಮ್ಮೆ ಕೆಮ್ಮಿದೆ. "ಹಳೇ ಪೀಸ್ ತಂದಿದೀರಾ?" ಈ ಸಲ ಯಾರೂ ನಗಲಿಲ್ಲ. ತಿರುಗಿದರೆ ಹಿಂದೆ ಅಪ್ಪ, ಬಲಗೈಗೆ ಇನ್ನೂ ಸಾರನ್ನ ಅಂಟಿತ್ತು.

"ಅಷ್ಟೊಂದು ಕೆಮ್ಮಲ್ಲ ನಾನು," ಎಂದರು ಅಪ್ಪ.

ಕೈ ಒರೆಸಿಕೊಂಡು, ಎಂಜಿನ್ನಿನಲ್ಲಿ ಬೆಲ್ಟ್ ಓಡುವ ಗಾಲಿಗಳ ಸುತ್ತ ಸೆಣಬಿನ ದಾರ ಸುತ್ತಿ ಅಳತೆ ತೆಗೆದರು. ಆ ದಾರ ಹಿಡಿದು ಅಂಗಡಿಗೆ ಓಡಿ ಬೆಲ್ಟ್ ತಂದವನು ನಾನೇ. ಬಸ್ಸು ಗುಡುಗಿ ಎದ್ದಿತು. "ಮುಂದಿನ ವಾರ ಇನ್ನೆರಡು ಬಸ್ಸಿಗೂ ಬರ್ತೀನಿ ಸಾವ್ಕಾರ್ರೆ," ಎಂದ ಡ್ರೈವರ್, "ಮುಖ ನೋಡ್ಕೊಂಡೇ ಮಾತಾಡ್ತೀನಿ." ಹೇಳಿದಂತೆ ಬಂದ. ದಸರಾಕ್ಕೆ ಅಂಗಡಿ ಮುಚ್ಚಲಿಲ್ಲ, ಪೂಜೆ ಮಾಡಿ ಚೆಂಡುಹೂ ಕಟ್ಟಿದೆವು.

ಮೊಮ್ಮಕ್ಕಳೇ, ಈಗ ಆ ಅಂಗಡಿಯಲ್ಲಿ ನನ್ನ ಮಗಳು, ನಿಮ್ಮಮ್ಮ ಕೂರುತ್ತಾಳೆ. ಹಳೇ ಪೀಸು ಫೋನಿನಲ್ಲಿ ಫೋಟೊ ಆಗಿ ಬರುತ್ತದೆ. ನೀವು ತಪ್ಪು ಮಾತು ಕಳಿಸಿದರೆ ಒಂದು ಬೆರಳಲ್ಲಿ ಅಳಿಸಿಬಿಡುತ್ತೀರಿ, ನಾನಾದರೆ ಓಡಬೇಕಾಗಿತ್ತು. ಆದರೆ ಮೊನ್ನೆ ಶಂಕರಘಟ್ಟದಲ್ಲಿ ಕೆಟ್ಟು ನಿಂತ ವ್ಯಾನಿನಿಂದ ಬಂದ ಫೋಟೊ ಮಂಜುಮಂಜಾಗಿತ್ತಲ್ಲ, ಪೀಸನ್ನು ಕಣ್ಣಾರೆ ನೋಡಲು ನಿಮ್ಮಮ್ಮ ನಿಮ್ಮಿಬ್ಬರನ್ನೂ ಸ್ಕೂಟರಿಗೆ ಹತ್ತಿಸಿಕೊಂಡು ಹೊರಟೇಬಿಟ್ಟಳು. ಮೊಣಕೈವರೆಗೆ ಗ್ರೀಸ್ ಬಳಿದುಕೊಂಡು ಬಂದಿರಿ. ಆ ಸಂಜೆ ಫೋನು ಕೂಗುತ್ತಲೇ ಇತ್ತು, ಅದನ್ನು ಮುಟ್ಟುವಂಥ ಕೈ ನಿಮ್ಮಿಬ್ಬರಲ್ಲಿ ಒಂದೂ ಇರಲಿಲ್ಲ.