ವಾಲ್ಟರ್ ಕೇಳಿದ ಬಂದೂಕಿನ ಹಕ್ಕು

ಎಪ್ಪತ್ತರ ದಶಕದ ಮಾತು. ಮೆಟುಚೆನ್ ಎಂಬ ಅಮೆರಿಕನ್ ಊರಿನಲ್ಲಿ ನಾವು ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದೆವು, ಕೆಳಗೆ ಮನೆ ಮಾಲೀಕ ವಾಲ್ಟರ್ ಒಬ್ಬನೇ. ಹರೆಯದಲ್ಲಿ ಕಳ್ಳತನ ಮಾಡಿ ಜೈಲಿಗೆ ಹೋಗಿದ್ದರಿಂದ ಅವನು ಬಂದೂಕು ಇಟ್ಟುಕೊಳ್ಳುವಂತಿರಲಿಲ್ಲ. ಆ ಹಕ್ಕು ವಾಪಸ್ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಿದವನು, “ನಾನು ಒಳ್ಳೆಯವನು ಅಂತ ನೀನು ಬಂದು ಹೇಳಬೇಕು” ಅಂದ.

“ಮಕ್ಕಳಿರೋ ಮನೆ ಕೆಳಗೆ ಬಂದೂಕಾ? ನಿಮಗೇನು ತಲೆ ಕೆಟ್ಟಿದೆಯಾ?” ಅಂದಳು ನನ್ನ ಹೆಂಡತಿ. ಆದರೆ ಸ್ನೋ ಬಿದ್ದಾಗಲೆಲ್ಲ ನಮ್ಮ ಕಾರನ್ನು ಅಗೆದು ತೆಗೆಯುತ್ತಿದ್ದವನು ಅವನೇ. ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ಕೋರ್ಟಿನಲ್ಲಿ ಜಡ್ಜ್ ಕೇಳಿದರು: “ಇವನ ಹತ್ತಿರ ಬಂದೂಕಿದ್ದರೂ ನೀವು ಅದೇ ಮನೆಯಲ್ಲಿ ಇರ್ತೀರಾ?”

“ಇರ್ತೀನಿ” ಅಂದೆ. ಅರ್ಜಿ ಮಂಜೂರಾಯಿತು.

ವಾಪಸ್ ಬರುವಾಗ ಕಾರಿನಲ್ಲಿ ಹೆದರುತ್ತಲೇ ಕೇಳಿದೆ: “ಈಗ ಸೀದಾ ಬಂದೂಕಿನ ಅಂಗಡಿಗಾ?”

“ನನಗ್ಯಾಕೆ ಬಂದೂಕು? ಇಷ್ಟು ವರ್ಷ ಬೇಡ ಅಂತ ಸರ್ಕಾರ ಹೇಳ್ತಿತ್ತು. ಇನ್ನು ಮೇಲೆ ನಾನೇ ಹೇಳ್ತೀನಿ.”

ನನಗೆ ಹೋದ ಜೀವ ಬಂದಂತಾಯಿತು. ಬಾಗಿಲು ತೆಗೆಯುತ್ತಿದ್ದಂತೆ ಮೇಲೆ ನಮ್ಮ ಕುಕ್ಕರ್ ಕೂಗಿತು. ಬಂದೂಕಿನ ಹಕ್ಕು ಗೆದ್ದು ಬಂದ ಮಹಾಶಯ ಬೆಚ್ಚಿಬಿದ್ದು ನನ್ನ ಬೆನ್ನ ಹಿಂದೆ ಅಡಗಿದ.