ಸೈಡ್ ಕೊಡುವ ಚಟ

ಹಿಂದೆ ಹಾರ್ನ್ ಕೇಳಿಸಿದರೆ ಎಡಕ್ಕೆ ಸರಿದು ಸೈಡ್ ಕೊಡಬೇಕು. ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ವರ್ಷಗಟ್ಟಲೆ ಕಾರು ಓಡಿಸಿದ ನನಗೆ ಇದು ರಕ್ತದಲ್ಲೇ ಇದೆ. ಕಂಪ್ಯೂಟರಿನ ರೇಸಿನಲ್ಲಿ ಈ ಒಳ್ಳೆಯತನವೇ ನನಗೆ ಮುಳುವಾಯಿತು.

ಆಫೀಸಿಗೆ ಹೋಗುವಾಗ ಒಂದು ದಿನ ರಾಯಾಪುರದ ಹತ್ತಿರ ಕಣ್ಣಿಗೆ ಕತ್ತಲೆ ಬಂದು, ಹೇಗೋ ಕಾರು ಬದಿಗೆ ನಿಲ್ಲಿಸಿ ಕುಳಿತೆ. ಎದೆಬಡಿತದಲ್ಲಿ ಏರುಪೇರಿದೆ, ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದರು ಡಾಕ್ಟರು. ಆ ಮಾತಿಗೆ ಅತ್ತಷ್ಟು ನಾನು ಕಾಯಿಲೆಗೂ ಅಳಲಿಲ್ಲ. ಆಮೇಲೆ ಊಟದ ಟೇಬಲ್ಲಿಗೆ ಆಟದ ಸ್ಟೀರಿಂಗ್ ಬಿಗಿದುಕೊಂಡು, ನಮ್ಮ ಕಡೆಯ ಕೆಲವರು ರವಿವಾರ ಮಧ್ಯಾಹ್ನ ಆನ್‌ಲೈನಿನಲ್ಲಿ ನಡೆಸುವ ರೇಸಿಗೆ ಸೇರಿದೆ. ಅವರವರು ಅವರವರ ಮನೆಯಲ್ಲಿ, ಕಿವಿಗೆ ಹೆಡ್‌ಫೋನು, ಎಲ್ಲರ ಮಾತೂ ಎಲ್ಲರಿಗೂ ಕೇಳುತ್ತದೆ. ಕೊನೆಯ ಸ್ಥಾನ ಮಾತ್ರ ನನಗೇ ಮೀಸಲು. ಇರಲಿ, ಕೈಯಲ್ಲಿ ಸ್ಟೀರಿಂಗ್ ಇತ್ತಲ್ಲ.

ಮುಂದಿರುವವರು ನನಗಿಂತ ಒಂದು ಸುತ್ತು ಹೆಚ್ಚು ಓಡಿ ಮತ್ತೆ ನನ್ನ ಬೆನ್ನಿಗೆ ಬಂದಾಗ ಪರದೆಯ ಮೇಲೆ ನೀಲಿ ಬಾವುಟ ಕಾಣಿಸುತ್ತದೆ. ಕಂಡ ತಕ್ಷಣ ನಾನು ಎಡಕ್ಕೆ ಸರಿಯುತ್ತಿದ್ದೆ. ಹಿಂದಿನವರು ನನ್ನನ್ನು ದಾಟಲೆಂದು ಅದೇ ಎಡಕ್ಕೆ ನುಗ್ಗಿರುತ್ತಿದ್ದರು. ಧಡಾರ್! ಎರಡನೇ ಸಲ ಹೀಗಾದಾಗ, ರೇಸು ನಡೆಸುವ ಧಾರವಾಡದ ನಿವೃತ್ತ ಗಣಿತದ ಮಾಸ್ತರರು ನನ್ನನ್ನು ಹಿಡಿದುಕೊಂಡರು.

“ತಂಗಿ, ಸೈಡ್ ಕೊಡು ಅಂತ ನಿನಗ ಯಾರ್ ಹೇಳ್ಯಾರ? ನಿನ್ನ ದಾರಿ ಹಿಡದು ಸುಮ್ನ ಹೋಗು. ದಾಟೂದು ಹಿಂದಿನವನ ಜವಾಬ್ದಾರಿ.”

“ಹಿಂದ ಬಂದವರಿಗೆ ಅಡ್ಡ ಹಾಕಿದಂಗ ಆಗೂದಿಲ್ಲೇನ್ರಿ ಸರ?”

“ನೀ ಯಾವ ಕಡೆ ಹೊಳ್ಳತಿ ಅಂತ ಗೊತ್ತಾಗದಿದ್ರ ಅವ ಎಲ್ಲಿಂದ ದಾಟಬೇಕು? ಇನ್ನೊಮ್ಮೆ ಹಿಂಗಾತಂದ್ರ ನಿನ್ನ ಹೆಸರು ತಗೀಬೇಕಾಗ್ತದ ನೋಡು.”

ಸಿಟ್ಟು ಬಂತು. ಮರ್ಯಾದೆ ಕೊಡುವುದೂ ತಪ್ಪೇ? ಆದರೆ ಸಿಟ್ಟಿಗಿಂತ ಹೆದರಿಕೆ ದೊಡ್ಡದಿತ್ತು. ಇಲ್ಲಿಂದಲೂ ಹೊರಬಿದ್ದರೆ ಗಾಡಿ ಓಡಿಸಲು ನನಗೆ ಬೇರೆ ದಾರಿಯೇ ಉಳಿದಿರಲಿಲ್ಲ.

ಮುಂದಿನ ರವಿವಾರ ಎಲ್ಲರಿಗಿಂತ ಮೊದಲೇ ಹೆಡ್‌ಫೋನು ಹಾಕಿ ಕುಳಿತೆ. ಯಾವಾಗಲೂ ಎಲ್ಲರಿಗಿಂತ ಮುಂದೆ ಓಡುವವರು ಹಳೇ ಹುಬ್ಬಳ್ಳಿಯ ಬಳೆ ಅಂಗಡಿಯವರು. ಆಟದಲ್ಲಿ ಎಷ್ಟು ಜೋರೋ ಮಾತಿನಲ್ಲಿ ಅಷ್ಟೇ ಮೆತ್ತಗೆ. “ನಮ್ಮ ಓಣ್ಯಾಗ ಕರೆಂಟ್ ಹೋಗಿ ಬಂದು ಮಾಡಾಕತ್ತೈತ್ರಿ. ನಡುವ ಬಿಟ್ಟು ಹ್ವಾದ್ರ ತಪ್ಪ ತಿಳೀಬ್ಯಾಡ್ರಿ,” ಎಂದು ಅವರು ಅವತ್ತು ಮೊದಲೇ ಹೇಳಿದ್ದರು.

ಸ್ವಲ್ಪ ಹೊತ್ತಿಗೆ ನೀಲಿ ಬಾವುಟ ಬಂತು. ಪರದೆಯ ಮೇಲಿನ ಕನ್ನಡಿಯಲ್ಲಿ ಅವರ ಹಳದಿ ಕಾರು ದೊಡ್ಡದಾಗುತ್ತಿತ್ತು. ಮುಂದೆ ಎಡಕ್ಕೆ ಕಡಿದಾದ ತಿರುವು. ಎಡಕ್ಕೆ ಸರಿ, ಸರಿ ಎಂದು ಕೈ ಎಳೆಯುತ್ತಿತ್ತು. ಹಲ್ಲು ಕಚ್ಚಿ ತಡೆದೆ. ತಡೆದಷ್ಟೂ ಎಳೆಯಿತು. ಇನ್ನೇನು ಸರಿದೇಬಿಟ್ಟೆ ಎನ್ನುವಷ್ಟರಲ್ಲಿ ಕಿವಿಯಲ್ಲಿ ಅವರ ದನಿ ಕೇಳಿಸಿತು.

“ಅಕ್ಕಾರ, ಬರ್ತೇನ್ರಿ.”

ನಮ್ಮಲ್ಲಿ ಹೊರಡುವವರು ಯಾರೂ ಹೋಗುತ್ತೇನೆ ಎನ್ನುವುದಿಲ್ಲ, ಬರ್ತೇನಿ ಎನ್ನುತ್ತಾರೆ. ಪಾಪ, ಕರೆಂಟಿನ ಕಾಟಕ್ಕೆ ಬೇಸತ್ತು ಆಟ ಬಿಟ್ಟು ಹೊರಟರು ಎಂದುಕೊಂಡೆ. ಬಾಗಿಲಿಗೆ ಬಂದು ಬೀಳ್ಕೊಡುವವಳ ಹಾಗೆ “ಹೂಂ, ಬರ್ರಿ” ಎಂದೆ. ಜೀವ ಹಗುರಾಯಿತು. ಕನ್ನಡಿ ನೋಡುವುದನ್ನೇ ಬಿಟ್ಟು ನನ್ನ ದಾರಿಯಲ್ಲೇ ತಿರುವು ಹಿಡಿದೆ.

ತಿರುವು ಮುಗಿದು ನೇರ ದಾರಿಗೆ ಬರುತ್ತಿದ್ದಂತೆ, ನನ್ನ ಎಡಗಡೆಯಿಂದ ಆ ಹಳದಿ ಕಾರು ಒಂದಿಷ್ಟೂ ಸೋಕದೆ ಸರ್ರನೆ ಮುಂದೆ ಹೋಯಿತು. ನನ್ನ ಜೀವ ಬಾಯಿಗೆ ಬಂತು.

“ಭಾಳ ಛಲೋ ಹಿಡದ್ರಿ ಅಕ್ಕಾರ! ಹಿಂಗ ಹೊಂಟ್ರ ದಾಟಾಕ ಹೆದರಿಕಿನ ಇಲ್ಲ ನೋಡ್ರಿ.”

ಅವರು ಬರ್ತೇನಿ ಎಂದದ್ದು ಹೊರಡಲಿಕ್ಕಲ್ಲ, ದಾಟಲಿಕ್ಕೆ! ಆಗಲೇ ಬೀಳ್ಕೊಟ್ಟ ಮನುಷ್ಯ ಕಣ್ಣೆದುರಿಗೇ ಓಡುತ್ತಿದ್ದರು. ನಗುವೂ ಬಂತು, ನಾಚಿಕೆಯೂ ಆಯಿತು. ನಾನು ಎಡಕ್ಕೆ ಒಂದು ಮೊಳ ಸರಿದಿದ್ದರೂ ಇಬ್ಬರ ಕಥೆಯೂ ಮುಗಿಯುತ್ತಿತ್ತು. ಮಾಸ್ತರರು ಹೇಳಿದ್ದು ಆಗ ನನ್ನ ತಲೆಗೆ ಹೋಯಿತು.

ಅಷ್ಟರಲ್ಲಿ ಮತ್ತೆ ನೀಲಿ ಬಾವುಟ. ಈ ಸಲ ಬಂದವರು ಮಾಸ್ತರರೇ. ಅವರು ಓಡಿಸುವಾಗ ಮಾತಾಡುವವರಲ್ಲ, ತಪ್ಪು ತಿಳಿದುಕೊಂಡು ಪಾರಾಗಲು ನನಗೆ ಒಂದು ಶಬ್ದವೂ ಸಿಗುವಂತಿರಲಿಲ್ಲ. ಸ್ಟೀರಿಂಗ್ ಬಿಗಿಯಾಗಿ ಹಿಡಿದೆ.

“ಬರ್ರಿ ಸರ. ನಾ ಎಲ್ಲೂ ಸರಿಯೂದಿಲ್ಲ,” ಎಂದೆ. ನನಗೇ ಹೇಳಿಕೊಂಡ ಹಾಗಿತ್ತು ಅದು.

ಅವರ ಕಾರು ನನ್ನ ಪಕ್ಕಕ್ಕೆ ಬಂತು. ಬಾಗಿಲಿಗೆ ಬಾಗಿಲು ತಾಗುವಷ್ಟು ಹತ್ತಿರ. ಸರಿಯಲಿಲ್ಲ ನಾನು. ಅವರು ದಾಟಿ ಹೋದರು.

ರೇಸು ಮುಗಿದು ಒಬ್ಬೊಬ್ಬರೇ ಹೊರಟರು. ಕೊನೆಯವಳು ಎಂದಿನಂತೆ ನಾನೇ. ಮಾಸ್ತರರು ಹೊಗಳಲಿಲ್ಲ, ಬೈಯಲೂ ಇಲ್ಲ.

“ಬರೂ ರವಿವಾರ ಬರ್ತೀ ಹೌದಲ್ಲ ತಂಗಿ?” ಎಂದಷ್ಟೇ ಕೇಳಿದರು.

“ಬರ್ತೇನ್ರಿ ಸರ,” ಎಂದು ಹೇಳಿ ಹೆಡ್‌ಫೋನು ತೆಗೆದೆ.