ಇಬ್ರಾದ ಬೂದಿಮಣ್ಣಿಗೆ ಅಂಗಾರರ ಕಾವಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಮಾನಿನ ಇಬ್ರಾ ಪೇಟೆಯಿಂದ ಮರಳುಗಾಡಿನ ಕಡೆಗೆ ಹೋಗುವಾಗ, ಡಾಂಬರು ಮುಗಿದು ಬರೀ ಜಲ್ಲಿ ಶುರುವಾಗುವಲ್ಲಿ ಒಂದು ತಂತಿಬೇಲಿ ಇದೆ. ಅದರ ಗೇಟಿನ ಬಳಿ ಅಂಗಾರ ಕುಕ್ಕರುಗಾಲಿನಲ್ಲಿ ಕೂತು ಮಣ್ಣಿಗೆ ಕೈ ಹಾಕಿದ್ದಾರೆ. ತಲೆಗೆ ಮಫ್ಲರು, ಲುಂಗಿಯ ಮೇಲೆ ಯಾರೋ ಬಿಟ್ಟುಹೋದ ಕೋಟು. ನಿನ್ನೆ ಸಂಜೆ ನಾಲ್ಕು ಹನಿ ಮಳೆ ಬಿದ್ದಿದೆ. ನಮ್ಮ ಕರಾವಳಿಯವರು ಅದನ್ನು ಮಳೆ ಅಂತ ಒಪ್ಪಲಿಕ್ಕಿಲ್ಲ, ಕೊಡೆ ಬಿಚ್ಚುವ ಮೊದಲೇ ನಿಂತುಹೋಗಿತ್ತು. ಆದರೆ ಬೇಲಿಯೊಳಗಿನ ಕಪ್ಪು ಮಣ್ಣು ಅಷ್ಟನ್ನೂ ಕುಡಿದು ಹೊಟ್ಟೆಯಲ್ಲಿ ಇಟ್ಟುಕೊಂಡಿದೆ. ಅಂಗಾರ ಒಂದು ಮುಷ್ಟಿ ತೆಗೆದು ಹಿಂಡುತ್ತಾರೆ. ಮಣ್ಣು ಉದುರುವುದಿಲ್ಲ, ಅಂಗೈಗೆ ಅಂಟುತ್ತದೆ.

"ಇವತ್ತು ಇದು ಏಳುವುದಿಲ್ಲ" ಅನ್ನುತ್ತಾರೆ. ಏಳುವುದಿಲ್ಲ ಅಂದರೆ ಗಾಳಿಗೆ ಏಳುವುದಿಲ್ಲ. ಇವತ್ತೊಂದು ದಿನ ಏಳದಿದ್ದರೆ ಅಂಗಾರರ ಮಾನ ಉಳಿದ ಹಾಗೆ. ಬೇಲಿ ಹಾಕಿದ ಮೇಲೆ ಇದೇ ಮೊದಲ ಸಲ ಈ ಗೇಟು ಆಡುಗಳಿಗೆ ತೆರೆಯಲಿದೆ.

ಬೇಲಿಯೊಳಗಿನ ಮಣ್ಣು ಇಲ್ಲಿಯದಲ್ಲ. ಇಲ್ಲಿಯ ಮಣ್ಣು ಬಿಳಿಚಿಕೊಂಡ ಮರಳು. ಒಂದು ಕೊಡ ನೀರು ಸುರಿದರೆ ಎಲ್ಲಿಗೆ ಹೋಯಿತು ಅಂತ ಕೇಳುವ ಹಾಗಿಲ್ಲ. ಅದಕ್ಕೇ ಹುಲ್ಲುಗಾವಲು ಸಂಶೋಧನಾ ಕೇಂದ್ರದವರು ಯೆಮೆನ್ ಕಡೆಯಿಂದ ಲಾರಿಗಟ್ಟಲೆ ಬೂದಿ ತರಿಸಿದರು. ಒಲೆಯ ಬೂದಿಯಲ್ಲ, ಎಂದೋ ಬೆಂಕಿಬೆಟ್ಟ ಉಗುಳಿದ ಬೂದಿ. ಕೈಯಲ್ಲಿ ಹಿಡಿದರೆ ತರಿತರಿಯಾಗಿ ಹುರಿದ ಕಾಫಿಪುಡಿಯ ಹಾಗಿದೆ, ತೂಕವೇ ಇಲ್ಲ. ಕಾಳುಕಾಳಿನೊಳಗೂ ತೂತು, ಆ ತೂತುಗಳಲ್ಲಿ ನೀರು ನಿಲ್ಲುತ್ತದೆ. ಮರಳಿಗೆ ಬೆರೆಸಿ, ಮೇಲೊಂದು ಬೆರಳು ದಪ್ಪಕ್ಕೆ ಹರಡಿದರೆ ಅಡಿಯ ಪಸೆಯನ್ನು ಬಿಸಿಲು ಬೇಗ ಎಳೆದುಕೊಳ್ಳುವುದಿಲ್ಲ. ದುಡ್ಡು ಖರ್ಚಿಲ್ಲದೆ ಹುಲ್ಲು ಬೆಳೆಸುವ ಉಪಾಯ ಅಂತಲ್ಲ. ಹೀಗೂ ಆಗುತ್ತದೆಯೋ ನೋಡೋಣ ಅನ್ನುವ ಪ್ರಯೋಗ, ಅಷ್ಟೇ.

ಈ ಮಣ್ಣಿಗೆ ಅದರದೇ ಕೊಂಕುಗಳೂ ಉಂಟು. ರಂಜಕದ ಗೊಬ್ಬರ ಹಾಕಿದರೆ ಬೇರಿಗೆ ಬಿಡದೆ ತಾನೇ ಬಾಚಿ ಇಟ್ಟುಕೊಳ್ಳುತ್ತದೆ. ಉಳಲಿಕ್ಕೆ ಆಗದು, ಉತ್ತರೆ ಹಾರುತ್ತದೆ. ಹಗುರವಾದದ್ದಕ್ಕೆ ನೀರು ಹಿಡಿಯುವ ಗುಣ ಹೇಗಿದೆಯೋ ಹಾಗೇ ಗಾಳಿಯ ಜೊತೆ ಹೊರಟುಬಿಡುವ ಗುಣವೂ ಇದೆ. ಅದನ್ನು ನೆಲಕ್ಕೆ ಕಟ್ಟಿ ನಿಲ್ಲಿಸುವುದು ನೀರು ಬಿದ್ದು ಒಣಗಿದಾಗ ಮೇಲೆ ಕಟ್ಟುವ ತೆಳ್ಳನೆಯ ಸಿಪ್ಪೆ, ಒಣಗಿ ಬಿದ್ದ ಕಡ್ಡಿಕಸ, ಗುಪ್ಪೆಗುಪ್ಪೆಯಾಗಿ ಬೆಳೆಯುವ ಥುಮಾಮ್ ಹುಲ್ಲಿನ ಬೇರು.

ಅಂಗಾರ ಬೆಳ್ತಂಗಡಿ ಕಡೆಯವರು. ಹುಡುಗನಾಗಿದ್ದಾಗ ಧಣಿಗಳ ಮನೆಯಲ್ಲಿ ಅಂಗಳ ಗುಡಿಸಿದರು, ದೊಡ್ಡವನಾದ ಮೇಲೆ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಜೇಡಿಮಣ್ಣು ತುಳಿದರು. ಕಾರ್ಖಾನೆ ಬಾಗಿಲು ಹಾಕಿತು. ಎಂಬತ್ತಾರನೇ ಇಸವಿಯಲ್ಲಿ ಪಾಣೆಮಂಗಳೂರಿನ ಉಮ್ಮರ್ ಬ್ಯಾರಿ ವೀಸಾ ಮಾಡಿಸಿ ಕರೆಸಿಕೊಂಡರು. ಉಮ್ಮರರಿಗೆ ಇಬ್ರಾದ ಸೂಕಿನಲ್ಲಿ, ಅಂದರೆ ಸಂತೆಬೀದಿಯಲ್ಲಿ, ದಿನಸಿ ಅಂಗಡಿ. ಮೊದಲು ವೀಸಾದ ಹೊಣೆ ಹೊತ್ತ ಕಫೀಲನ ಖರ್ಜೂರದ ತೋಟದಲ್ಲಿ ಕೆಲಸ, ಆಮೇಲೆ ಈ ಕೇಂದ್ರದಲ್ಲಿ. ಬೇಲಿ ರಿಪೇರಿ, ಮಳೆ ಅಳೆಯುವ ಡಬ್ಬಿ ನೋಡುವುದು, ಬೇಲಿಗೆ ಬೆನ್ನು ತಿಕ್ಕುವ ಒಂಟೆ ಓಡಿಸುವುದು, ಸುಡುವ ಜೂನಿನಲ್ಲೂ ಸಮುರ್ ಮರದ ಚೂರು ನೆರಳಲ್ಲಿ ಕಾವಲು ಕೂರುವುದು. ಮಗಳು ಲೋಲಾಕ್ಷಿಯ ಮದುವೆಗೆ ಹೋಗಲಿಕ್ಕೆ ಆಗಲಿಲ್ಲ, ಬೂದಿಯ ಲಾರಿ ಬಂದದ್ದು ಅದೇ ತಿಂಗಳು. ಅದನ್ನು ಹೇಳುವಾಗ ಮಾತ್ರ ಅವರು ಮುಖ ಆಚೆ ತಿರುಗಿಸುತ್ತಾರೆ. ಹೆಂಡತಿ ವಾರಿಜಾಕ್ಷಿಗೆ ಗಂಡನ ಕೆಲಸ ಏನು ಅಂತ ಇವತ್ತಿಗೂ ಅರ್ಥವಾಗಿಲ್ಲವಂತೆ. "ಮಣ್ಣು ಕಾಯುವುದು ಅಂದೆ. ಮಣ್ಣನ್ನು ಯಾರು ಕದಿಯುತ್ತಾರೆ ಅಂತ ಕೇಳಿದಳು."

ಕದ್ದದ್ದು ಗಾಳಿ. ಗಾಳಿಗೆ ಬಾಗಿಲು ತೆರೆದುಕೊಟ್ಟದ್ದು ಸ್ವತಃ ಅಂಗಾರ.

ಬೂದಿ ಹರಡಿದ ಮೊದಲ ವರ್ಷದ ಮಾತು. ಕೇಂದ್ರದ ಮಣ್ಣಿನ ತಜ್ಞ ಶ್ರೀನಿವಾಸಮೂರ್ತಿ, ಮಂಡ್ಯ ಕಡೆಯವರು, ರಜೆಯ ಮೇಲೆ ಊರಿಗೆ ಹೊರಟಾಗ ಜಾಗ ಚೆನ್ನಾಗಿ ಇಟ್ಟುಕೊಂಡಿರು ಅಂತ ಹೇಳಿ ಹೋದರು. ತುಳುನಾಡಿನವರಿಗೆ ಜಾಗ ಚೆನ್ನಾಗಿಡುವುದು ಅಂದರೆ ಇನ್ನೇನು? ಅಂಗಾರ ಖರ್ಜೂರದ ಗರಿಯ ಕಡ್ಡಿ ಸೀಳಿ, ಊರಿನ ಹಿಡಿಸೂಡಿಯ ಹಾಗೇ ಕಟ್ಟಿ, ದಿನಾ ಸೂರ್ಯ ಮೂಡುವ ಮೊದಲು ಒಂದು ಕಡೆಯಿಂದ ಗುಡಿಸಿಕೊಂಡು ಬಂದರು. ಒಣ ಕಡ್ಡಿ, ಹಿಕ್ಕೆ, ಎಲೆ ಒಂದೂ ಉಳಿಯಲಿಲ್ಲ. ಬೂದಿಯ ಮೇಲೆ ಆಗಷ್ಟೇ ಕಟ್ಟುತ್ತಿದ್ದ ಸಿಪ್ಪೆಯೂ ಕಸದ ಜೊತೆಗೇ ಹೋಯಿತು. ಜಾಗವೇನೋ ದೀಪಾವಳಿಯ ಅಂಗಳದ ಹಾಗೆ ಲಕಲಕ ಅಂತಿತ್ತು. ಅಷ್ಟರಲ್ಲಿ ಗಾಳಿ ಎದ್ದಿತು. ಬೇಲಿಯೊಳಗಿನ ಅರ್ಧ ಬೂದಿ ಕಪ್ಪು ಮೋಡವಾಗಿ ಎದ್ದು ಹೋಗುವುದನ್ನು ಅಂಗಾರ ಸೂಡಿ ಹಿಡಿದುಕೊಂಡೇ ನೋಡುತ್ತ ನಿಂತರು. ಉಮ್ಮರ್ ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಹೇಳಿದ್ದೇ ಹೇಳಿದ್ದು: ನೋಡಿ, ಗಲ್ಫಿಗೆ ಬಂದು ಮಣ್ಣನ್ನೇ ಗುಡಿಸಿ ಬಿಸಾಡಿದ ಪುಣ್ಯಾತ್ಮ ಇವರು.

ಆ ಬೂದಿ ಹೋಗಿ ಬಿದ್ದದ್ದು ಮೌಝಾ ಎಂಬ ಬದೂ, ಅಂದರೆ ಮರಳುಗಾಡಿನ ಅಲೆಮಾರಿ, ಹೆಂಗಸಿನ ಡೇರೆಯ ಮೇಲೆ. ಕುಡಿಯುವ ನೀರಿನ ಡ್ರಮ್ಮು, ತುಪ್ಪದ ಪಾತ್ರೆ, ಆಡುಗಳ ಕಣ್ಣು, ಎಲ್ಲ ಕಪ್ಪು. ಬೇಲಿ ಹಾಕಿದ ಜಾಗ ತಲೆಮಾರಿನಿಂದ ಆಕೆಯ ಕುಟುಂಬದ ಆಡು ಮೇಯುತ್ತಿದ್ದ ಜಾಗ. ಗಂಡ ಸತ್ತ ಮೇಲೆ ಹಿಂಡು ಕಟ್ಟಿಕೊಂಡು ಬದುಕುತ್ತಿರುವ, ಹಳೇ ಪಿಕಪ್ಪನ್ನು ತಾನೇ ಓಡಿಸುವ ಗಟ್ಟಿ ಹೆಂಗಸು. ಅವತ್ತು ಗಾಡಿಯನ್ನು ಬೇಲಿಗೆ ತಾಗಿಸಿ ನಿಲ್ಲಿಸಿ ಇಳಿದರು. "ನನ್ನ ಆಡುಗಳ ಜಾಗ ತೆಗೆದುಕೊಂಡಿರಿ. ಈಗ ಮಣ್ಣನ್ನೂ ಗಾಳಿಗೆ ಕೊಟ್ಟಿರಾ?"

ಗಾಳಿ ಜೋರಿತ್ತು ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅಂಗಾರ ತನಗೆ ಬರುವ ಅಷ್ಟಿಷ್ಟು ಅರಬ್ಬಿಯಲ್ಲಿ, ಗುಡಿಸಿದ್ದು ನಾನೇ ಅಂದರು. ಮಾರನೇ ದಿನ ಡೇರೆಗೆ ಹೋಗಿ ಡ್ರಮ್ಮು ತಿಕ್ಕಿ ತೊಳೆದುಕೊಟ್ಟರು. ಮೌಝಾ ಖಾವಾ, ಅರಬ್ಬರ ಕಪ್ಪು ಕಾಫಿ, ಬಗ್ಗಿಸಿ ಕೊಟ್ಟು, ನಮ್ಮ ಜಾಗ ನಮಗೆ ಯಾವಾಗ ಅಂತ ಕೇಳಿದರು. ಆ ಹೊತ್ತಿಗೆ ಅಂಗಾರರ ಬಾಯಿಂದ ಮಾತು ಬಂದೇಬಿಟ್ಟಿತು: "ಎರಡು ಚಳಿಗಾಲ ಬಿಡಿ ಉಮ್ಮಿ. ಮೂರನೆಯದಕ್ಕೆ ಗೇಟು ನಾನು ತೆರೆಯುತ್ತೇನೆ."

ಉಮ್ಮಿ ಅಂದರೆ ನನ್ನಮ್ಮ. ಕೀಲಿಕೈ ಅಂಗಾರರ ಹತ್ತಿರ ಇದ್ದದ್ದು ನಿಜ, ಆದರೆ ತೆರೆಯುವ ಅಧಿಕಾರ ಎಲ್ಲಿತ್ತು? ಕೂಲಿಯವನು ಕೊಡಬಾರದ ಮಾತು ಅದು. ಮೌಝಾ ಮಾತ್ರ ಅದನ್ನು ಕೇಂದ್ರದ ಮಾತೆಂದೇ ತೆಗೆದುಕೊಂಡು, ಆಡುಗಳನ್ನು ದೂರದ ಕಣಿವೆಗೆ ಹೊಡೆದುಕೊಂಡು ಹೋದರು.

ಮತ್ತೆ ಬೂದಿ ಬಂತು, ಈ ಸಲ ಸೂಡಿ ಮುಟ್ಟಲಿಲ್ಲ. ಹುಲ್ಲೂ ಎದ್ದಿತು. ಆದರೆ ಮಾತಿನ ಪ್ರಕಾರ ತೆರೆಯಬೇಕಾದ ಈ ಚಳಿಗಾಲವೇ ಮಳೆ ಕೈಕೊಟ್ಟಿದೆ. ಕಣಿವೆಯಲ್ಲಿ ಮೇವು ಮುಗಿದು ಮೌಝಾ ಹಿಂದೆ ಬಂದಿದ್ದಾರೆ, ಆಡುಗಳ ಪಕ್ಕೆಲುಬು ಎಣಿಸಬಹುದು. ತಂತಿ ಕತ್ತರಿಸಿ ಒಳಗೆ ನುಗ್ಗಿಸೋಣ ಅಂದ ನೆಂಟರನ್ನು ಆಕೆಯೇ ತಡೆದಿದ್ದಾರೆ, ಅಂಗಾರ್ ತೆರೆಯುತ್ತೇನೆ ಅಂದಿದ್ದಾನೆ, ಕಾಯಿರಿ ಅಂತ. ಅತ್ತ ಕೇಂದ್ರದ ಮಸ್ಕತ್ತಿನ ಆಫೀಸು ಇನ್ನೊಂದು ವರ್ಷ ಮುಚ್ಚಿಯೇ ಇಡಿ ಅಂದಿದೆ. ಗೊರಸು ಬಿದ್ದರೆ ಸಿಪ್ಪೆ ಒಡೆಯುತ್ತದೆ, ಸಿಪ್ಪೆ ಒಡೆದರೆ ಏನಾಗುತ್ತದೆ ಅಂತ ಅಂಗಾರರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವರಿಗೆ ಹದಿನೈದು ದಿನ ಅನ್ನ ಸೇರಲಿಲ್ಲ. ಕೊನೆಗೆ ಶ್ರೀನಿವಾಸಮೂರ್ತಿಯವರ ಮೇಜಿನ ಮುಂದೆ ನಿಂತು ಎಲ್ಲ ಹೇಳಿದರು.

ಮೂರ್ತಿಗಳು ಕೆಂಡವಾದರು. ಮಾತು ಕೊಡೋಕೆ ನೀನ್ಯಾರಯ್ಯ ಅಂತ ಕೇಳಿದರು. "ಯಾರೂ ಅಲ್ಲ ಸಾರ್. ಆದರೆ ಕೊಟ್ಟಾಗಿದೆ. ನಾನು ತಪ್ಪಿದರೆ ಅವರು ಆಡು ಮಾರಬೇಕು." ಮೂರ್ತಿಗಳು ಎದ್ದು ಹೊರಗೆ ಹೋಗಿ ಒಂದು ಸಿಗರೇಟು ಸೇದಿ ಬಂದರು. ಮೇಯಿಸಿ ನೋಡದೆ ಇದು ಹುಲ್ಲುಗಾವಲು ಹೌದೋ ಅಲ್ಲವೋ ಅಂತ ತಿಳಿಯುವುದಾದರೂ ಹೇಗೆ ಅಂತ ಅವರಿಗೂ ಒಳಗೊಳಗೇ ಇತ್ತು. ಮಸ್ಕತ್ತಿಗೆ ಹೋಗಿ ಜಗಳವಾಡಿ ಒಪ್ಪಿಗೆ ತಂದರು. ಮಳೆ ಬಿದ್ದು ಬೂದಿ ಒದ್ದೆಯಾಗಿ ಭಾರವಾದ ಮಾರನೇ ಬೆಳಿಗ್ಗೆ ಮಾತ್ರ ಬಿಡುವುದು, ಬಿಸಿಲು ಬಲಿಯುವ ಮೊದಲು ಹೊರಗೆ. ಮಣ್ಣು ಎದ್ದರೆ ಪ್ರಯೋಗ ಖಲಾಸ್, ಅಂಗಾರರ ವೀಸಾ ಉಳಿಸುವುದೂ ತನ್ನ ಕೈಯಲ್ಲಿಲ್ಲ ಅಂದರು.

ಆ ಮಾರನೇ ಬೆಳಿಗ್ಗೆಯೇ ಇವತ್ತು. ಮೌಝಾರ ಪಿಕಪ್ಪು ಬಂದು ನಿಲ್ಲುತ್ತದೆ, ಹಿಂದೆಯೇ ಹಿಂಡು. ಅಂಗಾರ ಗೇಟು ಎಳೆಯುತ್ತಾರೆ, ಆಡುಗಳು ಒಂದರ ಮೇಲೊಂದು ಬಿದ್ದು ನುಗ್ಗುತ್ತವೆ. ಅವರ ಕಣ್ಣು ಆಡಿನ ಬಾಯಿಯ ಮೇಲಿಲ್ಲ, ಗೊರಸಿನ ಮೇಲಿದೆ. ಗೊರಸು ಬಿದ್ದಲ್ಲಿ ಬೂದಿ ಕುಸಿದು, ಅಚ್ಚು ಹಾಗೇ ನಿಲ್ಲುತ್ತದೆ. ಮೇಯುವ ಕರಕರ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬಿಸಿಲೇರುತ್ತದೆ, ಗಾಳಿ ಮೆಲ್ಲಗೆ ಶುರುವಾಗುತ್ತದೆ. ಗೇಟಿನ ಹತ್ತಿರ, ಹಿಂಡು ಒತ್ತಿದ ಜಾಗದಲ್ಲಿ ಬೂದಿ ಒಣಗಿ ಒಂದು ಎಳೆ ಧೂಳು ಮೇಲೇಳುತ್ತದೆ. ಅಂಗಾರ ಮೌಝಾರ ಕಡೆ ನೋಡುತ್ತಾರೆ. ಹಸಿದ ಹಿಂಡನ್ನು ಹೊರಗೆ ಅಟ್ಟಿ ಅಂತ ಹೇಳುವುದು ಹೇಗೆ?

ಹೇಳಬೇಕಾಗಿ ಬರುವುದಿಲ್ಲ. ಮೌಝಾ ನಾಲಿಗೆಯಿಂದ ಟರ್ ಎಂದು ಸದ್ದು ಮಾಡುತ್ತಾರೆ, ಮುಂದಿನ ಆಡು ತಿರುಗುತ್ತದೆ, ಹಿಂಡು ಅದರ ಹಿಂದೆ ಹೊರಡುತ್ತದೆ. ಹುಲ್ಲು ಇನ್ನೂ ಅರ್ಧಕ್ಕರ್ಧ ನಿಂತೇ ಇದೆ. "ಹೊಟ್ಟೆ ತುಂಬಿಲ್ಲ ಇವಕ್ಕೆ" ಅನ್ನುತ್ತಾರೆ ಆಕೆ. "ಆದರೆ ಮುಂದಿನ ಮಳೆಗೂ ಇದು ಬೇಕು. ಮುಚ್ಚು."

ಮಧ್ಯಾಹ್ನ ಮೂರ್ತಿಗಳು ಬಂದು ಬೇಲಿಯುದ್ದಕ್ಕೂ ನಡೆದು ನೋಡುತ್ತಾರೆ. ಗಾಳಿ ಬೀಸುತ್ತಲೇ ಇದೆ. ಗೇಟಿನ ಬಳಿ ಒಂದು ಚಾಪೆಯಷ್ಟು ಜಾಗ ಬೋಳಾಗಿದೆ, ಉಳಿದ ಬೂದಿ ಬಿದ್ದಲ್ಲೇ ಇದೆ. ಮುಂದಿನ ಮಳೆಗೂ ಬಿಡೋಣ ಅಂತ ಹೇಳಿ ಅವರು ಜೀಪು ಹತ್ತುತ್ತಾರೆ.

ಇಷ್ಟು ವರ್ಷದಲ್ಲಿ ಒಮಾನು ಏನು ಕೊಟ್ಟಿತು ಅಂತ ಕೇಳಿದರೆ ಅಂಗಾರ ಮನೆಗೆ ಹಂಚು ಹೊದೆಸಿದ್ದನ್ನು ಹೇಳುವುದಿಲ್ಲ, ಮಗಳ ಮದುವೆಗೆ ಕಳಿಸಿದ ಚಿನ್ನವನ್ನೂ ಹೇಳುವುದಿಲ್ಲ. ಗೇಟಿಗೆ ಬೀಗ ಹಾಕಿ, ಕೈ ಕೊಡವಿಕೊಳ್ಳುತ್ತಾರೆ.

"ಆ ತಾಯಿ ನನ್ನ ಬಾಯಿಮಾತು ನಂಬಿ ಎರಡು ಚಳಿಗಾಲ ಕಾದರು. ಊರಿನಲ್ಲಿ ನನ್ನ ಮಾತು ನಂಬಿ ಯಾರೂ ಒಂದು ಹೊತ್ತು ಕಾದದ್ದಿಲ್ಲ."